ಬಂಗುಡೆಯಿಂದ ಸೆನೆಟ್‌ವರೆಗೆ: ಆಹಾರ ಸುರಕ್ಷತೆಯ ಪ್ರಶ್ನೋತ್ತರ

ಪ್ರಶ್ನೆ: ಮೆಹಂದಿ ದಿನದ ಊಟದಲ್ಲಿ ಬಂಗುಡೆ ಫ್ರೈ ತಿಂದ ಐದಾರು ಮಂದಿಗೆ ಅರ್ಧ ಗಂಟೆಯೊಳಗೆ ಮುಖ ಕೆಂಪೇರಿತು, ಮೈ ತುರಿಸಿತು, ತಲೆ ಸಿಡಿಯತೊಡಗಿತು. ಅಡುಗೆ ವಹಿಸಿಕೊಂಡವರು "ಚೆನ್ನಾಗಿ ಕಾಯಿಸಿದ್ದೇವೆ, ಕೆಡಲು ಸಾಧ್ಯವೇ ಇಲ್ಲ" ಎನ್ನುತ್ತಾರೆ. ಕೆಡದಿರಲೆಂದು ಮೀನಿಗೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕಿದ್ದರೇ?
– ಓದುಗರು, ಮಲ್ಪೆ

ಉತ್ತರ: ಈ ಲಕ್ಷಣಗಳು ಫಾರ್ಮಾಲಿನ್‌ನದ್ದಲ್ಲ, ಹಿಸ್ಟಮಿನ್‌ನ ವಿಷಬಾಧೆಯಂತೆ ಕಾಣುತ್ತವೆ. ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮಿನೋ ಆಮ್ಲ ಸಹಜವಾಗಿಯೇ ಹೆಚ್ಚು. ಹಿಡಿದ ಮೀನಿಗೆ ಸಾಕಷ್ಟು ಐಸ್ ಸಿಗದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಹಾಗೆ ಒಮ್ಮೆ ಹುಟ್ಟಿದ ಹಿಸ್ಟಮಿನ್ ಕಾಯಿಸಿದರೂ ಹೋಗದು, ಕುದಿಸಿದರೂ ಹೋಗದು, ಫ್ರೀಜರಿನಲ್ಲಿ ಇಟ್ಟರೂ ಹೋಗದು. ಅಡುಗೆಯವರು ಚೆನ್ನಾಗಿಯೇ ಕಾಯಿಸಿರಬಹುದು. ತಪ್ಪು ನಡೆದದ್ದು ಬಾಣಲೆಯಲ್ಲಲ್ಲ, ಅದಕ್ಕೂ ಮೊದಲು, ಮೀನು ಬಿಸಿಲಲ್ಲಿ ಬಿದ್ದಿದ್ದ ಹೊತ್ತಿನಲ್ಲಿ. ವಾಸನೆ ನೋಡಿ ಇದನ್ನು ಕಂಡುಹಿಡಿಯಲಾಗದು. ತಿನ್ನುವಾಗ ನಾಲಿಗೆ ಕಾಳುಮೆಣಸು ಕಚ್ಚಿದಂತೆ ಚುರುಗುಟ್ಟಿದರೆ ಅಲ್ಲಿಗೇ ಬಿಟ್ಟುಬಿಡಿ.

ನಮ್ಮ ಕರಾವಳಿಯ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕೇ ಬೇಕು. ಪೆಟ್ಟಿಗೆಯ ತಳಕ್ಕೆ ಪುಡಿ ಐಸ್, ಮೇಲೆ ಒಂದು ಸಾಲು ಮೀನು, ಮತ್ತೆ ಐಸ್, ಹೀಗೆ ಪದರ ಪದರವಾಗಿ ತುಂಬಬೇಕು. ಕರಗಿದ ನೀರು ಹರಿದುಹೋಗಲು ತಳದಲ್ಲಿ ತೂತು ಇರಬೇಕು. ದೊಡ್ಡ ಐಸ್ ಗಡ್ಡೆಯ ಮೇಲೆ ಮೀನು ಸುರಿದರೆ ಮುಟ್ಟಿದ ಜಾಗ ಮಾತ್ರ ತಣ್ಣಗಾಗುತ್ತದೆ. ಥರ್ಮಾಮೀಟರಿನ ಮುಳ್ಳನ್ನು ಬೆನ್ನೆಲುಬಿನ ಪಕ್ಕದ ದಪ್ಪ ಮಾಂಸಕ್ಕೆ ಚುಚ್ಚಿದರೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಮೀನು ತರಿಸುವಾಗ ಅಡುಗೆಯವರಿಂದ ಇದೊಂದನ್ನು ಕೇಳಿ ಪಡೆಯಿರಿ, ನಾಚಿಕೆ ಬೇಡ.

ಕಾಯಿಲೆಯ ಬಗ್ಗೆ: ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಶುರುವಾಗಿ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬಹಳ ಕಡೆ ಇದನ್ನು "ಮೀನು ಅಲರ್ಜಿ" ಎಂದು ಬರೆದು ಕಳಿಸುತ್ತಾರೆ. ಅಲ್ಲಿಗೆ ಪ್ರಕರಣದ ಜಾಡೇ ತಪ್ಪಿಹೋಗುತ್ತದೆ. ಏನು ತಿಂದಿರಿ, ಎಷ್ಟು ಗಂಟೆಗೆ ತಿಂದಿರಿ, ಜೊತೆಗೆ ಇನ್ನೆಷ್ಟು ಮಂದಿಗೆ ಹೀಗಾಯಿತು ಎಂಬುದನ್ನು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಉಳಿದ ಮೀನನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇವೆ. ಅದನ್ನೇ ಪರೀಕ್ಷೆಗೆ ಕೊಟ್ಟು ಕೇಸು ಹಾಕಬಹುದೇ?
– ಅದೇ ಊರಿನ ಇನ್ನೊಬ್ಬರು

ಉತ್ತರ: ಕೊಡಬಹುದು, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಹೊರಗಿಟ್ಟ ಮೀನಿನಲ್ಲಿ ಹಿಸ್ಟಮಿನ್ ಏರುತ್ತಲೇ ಹೋಗುತ್ತದೆ. "ನಿಮ್ಮ ಮನೆಯಲ್ಲಿ ಕೆಟ್ಟದ್ದು" ಎಂದು ಎದುರಿನವರು ವಾದಿಸುತ್ತಾರೆ. ತಕ್ಷಣ ಫ್ರೀಜರಿಗೆ ಹಾಕಿ, ಡಬ್ಬಿಯ ಮೇಲೆ ದಿನಾಂಕ, ಗಂಟೆ ಬರೆಯಿರಿ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಹೆಚ್ಚಿನವರು ಎಡವುವುದು ಇಲ್ಲಿಯೇ: ಪರೀಕ್ಷೆಗಾಗಿ ಕೊಳ್ಳುತ್ತಿದ್ದೇವೆ ಎಂಬುದನ್ನು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು. ತಿಂದು ಉಳಿದದ್ದಕ್ಕೆ ಈ ದಾರಿ ತೆರೆಯದು. ವರದಿಯಲ್ಲಿ ತಪ್ಪು ಸಾಬೀತಾದರೆ ಶುಲ್ಕ ವಾಪಸ್, ಮೇಲಾಗಿ ವರದಿ ನೇರ ಅಂಕಿತಾಧಿಕಾರಿಗೆ, ಅಂದರೆ ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿಗೆ, ಹೋಗುತ್ತದೆ.

ನಿಮ್ಮ ಪ್ರಕರಣದಲ್ಲಿ ಆಹಾರ ಸುರಕ್ಷತಾಧಿಕಾರಿಯೇ ಮಾದರಿ ತೆಗೆಯುವುದು ಗಟ್ಟಿ ದಾರಿ. ಅವರು ಅದನ್ನು ನಾಲ್ಕು ಭಾಗ ಮಾಡಿ ಸೀಲು ಹಾಕುತ್ತಾರೆ. ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ಕಾಯಿಲೆ ಬಿದ್ದ ದಿನವೇ ಆಹಾರ ಸುರಕ್ಷತಾ ಪ್ರಾಧಿಕಾರದ ಸಹಾಯವಾಣಿ 1800112100ಕ್ಕೆ ಕರೆ ಮಾಡಿ, ಲಿಖಿತ ದೂರನ್ನು ಉಡುಪಿಯ ಅಂಕಿತಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಡುಗೆಯವರ ಬಿಲ್ಲು, ಅದರ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆ, ವೈದ್ಯರ ಚೀಟಿ ಜೊತೆಗಿರಲಿ. ಬಿಲ್ಲೇ ಇಲ್ಲದ ದೂರು ಅರ್ಧ ದೂರು.

ಪರಿಹಾರಕ್ಕೆ 65ನೇ ಕಲಮಿದೆ: ಸಾವು ಸಂಭವಿಸಿದರೆ ಕನಿಷ್ಠ 5 ಲಕ್ಷ ರೂಪಾಯಿ, ತೀವ್ರ ಹಾನಿಗೆ 3 ಲಕ್ಷದವರೆಗೆ, ಇತರ ಹಾನಿಗೆ 1 ಲಕ್ಷದವರೆಗೆ.

ಪ್ರಶ್ನೆ: ಅಮೆರಿಕದಲ್ಲಿ ಕಡಲೆಕಾಯಿ ಬೆಣ್ಣೆಯಿಂದ ಜನ ಸತ್ತಾಗ ಸೆನೆಟರುಗಳು ಕಾನೂನನ್ನೇ ಬದಲಿಸಿದರಂತೆ. ನಮ್ಮ ರಾಜ್ಯಸಭಾ ಸದಸ್ಯರಿಗೆ ಪತ್ರ ಬರೆದರೆ ಏನಾದರೂ ಆದೀತೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಆದೀತು, ಆದರೆ ಏನು ಕೇಳಬೇಕೆಂಬುದು ಗೊತ್ತಿರಬೇಕು. 2008–09ರಲ್ಲಿ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕ ಕಂಪನಿಯ ಜಾರ್ಜಿಯಾ ಕಾರ್ಖಾನೆಯ ಸರಕಿನಿಂದ ಹರಡಿದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ 9 ಮಂದಿ ಬಲಿಯಾದರು, 46 ರಾಜ್ಯಗಳಲ್ಲಿ 714 ಮಂದಿ ಕಾಯಿಲೆ ಬಿದ್ದರು. ಆಗ ಬಯಲಾದ ದೊಡ್ಡ ಕೊರತೆ ಎಂದರೆ, ಶಿಶು ಆಹಾರ ಬಿಟ್ಟರೆ ಹೆಚ್ಚಿನ ಆಹಾರವನ್ನು ಮಾರುಕಟ್ಟೆಯಿಂದ ಬಲವಂತವಾಗಿ ಹಿಂದಕ್ಕೆ ತರಿಸುವ ಅಧಿಕಾರವೇ ಅಲ್ಲಿನ ಆಹಾರ ಇಲಾಖೆಗೆ ಇರಲಿಲ್ಲ, ಕಂಪನಿಯನ್ನು ಕೇಳಿಕೊಳ್ಳಬೇಕಿತ್ತು. ಈ ಕೊರತೆ ತುಂಬಲು ಸೆನೆಟರ್ ಡಿಕ್ ಡರ್ಬಿನ್ ಮಂಡಿಸಿದ ಮಸೂದೆ 2010ರ ನವೆಂಬರ್ 30ರಂದು 73–25 ಮತಗಳಿಂದ ಸೆನೆಟಿನಲ್ಲಿ ಅಂಗೀಕಾರವಾಯಿತು. ಆಮೇಲೆ ನೋಡಿದರೆ ಅದರಲ್ಲಿ ಶುಲ್ಕ ವಸೂಲಿಯ ಅಂಶವಿತ್ತು. ಆದಾಯ ತರುವ ಮಸೂದೆ ಅಲ್ಲಿ ಕೆಳಮನೆಯಲ್ಲೇ ಹುಟ್ಟಬೇಕು. ನಮ್ಮ ಹಣಕಾಸು ಮಸೂದೆಯ ನಿಯಮದಂಥದ್ದೇ ತಕರಾರು. ಕೆಳಮನೆಯ ಬೇರೊಂದು ಮಸೂದೆಯೊಳಗೆ ಇದನ್ನು ಸೇರಿಸಿ ಮತ್ತೆ ಪಾಸು ಮಾಡಿಸಿ, 2011ರ ಜನವರಿ 4ರಂದು ಅಧ್ಯಕ್ಷರ ಸಹಿ ಬಿತ್ತು. ಸಾಲ್ಮೊನೆಲ್ಲಾ ಇದೆಯೆಂದು ಗೊತ್ತಿದ್ದೂ ಸರಕು ಕಳಿಸಿದ ಕಂಪನಿಯ ಮಾಲೀಕರಿಗೆ 2015ರಲ್ಲಿ 28 ವರ್ಷ ಜೈಲಾಯಿತು.

ಆಹಾರವನ್ನು ಮಾರುಕಟ್ಟೆಯಿಂದ ತೆಗೆಸುವ ಅಧಿಕಾರ ನಮ್ಮಲ್ಲಿ ಕಾಗದದ ಮೇಲೆ ಆಗಲೇ ಇದೆ. ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಯಾವುದೇ ಆಹಾರವನ್ನು ಒಂದು ವರ್ಷದವರೆಗೆ ನಿಷೇಧಿಸಬಹುದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಲ್ಲಿಸಿದ್ದು ನೆನಪಿರಬಹುದು; ಅದಕ್ಕೆ ಸಂಸತ್ತು ಕೂರಬೇಕಾಗಲಿಲ್ಲ. ಕೊರತೆ ಇರುವುದು ಅಧಿಕಾರಿಗಳ ಸಂಖ್ಯೆಯಲ್ಲಿ, ಲ್ಯಾಬಿನಲ್ಲಿ, ವರದಿ ಬಂದ ಮೇಲಿನ ಹೆಜ್ಜೆಯಲ್ಲಿ. ಹಾಗಾಗಿ "ಕಲಬೆರಕೆ ತಡೆಯಿರಿ" ಎಂದು ಬರೆದರೆ ಪತ್ರ ಫೈಲು ಸೇರುತ್ತದೆ. ಬದಲಿಗೆ ಹೀಗೆ ಬರೆಯಿರಿ: ಕಳೆದ ಮೂರು ವರ್ಷಗಳಲ್ಲಿ ಕರ್ನಾಟಕದಲ್ಲಿ ಎಷ್ಟು ಮೀನಿನ ಮಾದರಿ ತೆಗೆದರು, ಎಷ್ಟರ ವರದಿ 14 ದಿನದೊಳಗೆ ಬಂತು, ಎಷ್ಟರಲ್ಲಿ ಹಿಸ್ಟಮಿನ್ ಪರೀಕ್ಷೆ ನಡೆಯಿತು, ಎಷ್ಟು ಪ್ರಕರಣದಲ್ಲಿ ದಂಡ ವಸೂಲಾಯಿತು? ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿದರೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಯನ್ನೂ ಎದುರಿಸಬೇಕು. ನೋಟಿಸಿಗೆ 15 ದಿನ ಬೇಕಾದ್ದರಿಂದ ಅಧಿವೇಶನ ಶುರುವಾಗುವ ಮೊದಲೇ ಪತ್ರ ತಲುಪಿಸಿ. ಜಿಲ್ಲೆಯ ಅಂಕಿಅಂಶಕ್ಕೆ ಶಾಸಕರನ್ನು ಹಿಡಿಯಿರಿ, ಇಲ್ಲವೇ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಪ್ರಶ್ನೆ: ಸುರಕ್ಷಿತ ಆಹಾರ ಮಾನವ ಹಕ್ಕೇ? ಮಾನವ ಹಕ್ಕು ಆಯೋಗಕ್ಕೆ ಹೋಗಬಹುದೇ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಹೌದು. ತಂಪು ಪಾನೀಯಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಆರೋಗ್ಯಕ್ಕೆ ಹಾನಿ ಮಾಡುವ ಆಹಾರವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೇ ಅಪಾಯ ಎಂದು ಹೇಳಿದೆ. ವಿಶ್ವಸಂಸ್ಥೆಯ ಸಮಿತಿಯೂ 1999ರಲ್ಲೇ, ಆಹಾರದ ಹಕ್ಕೆಂದರೆ ಹೊಟ್ಟೆ ತುಂಬುವುದಷ್ಟೇ ಅಲ್ಲ, ಹಾನಿಕರ ವಸ್ತುಗಳಿಲ್ಲದ ಆಹಾರ ಎಂದು ಬಿಡಿಸಿ ಹೇಳಿತ್ತು. ಆದರೆ ಆಯೋಗ ಮುಖ್ಯವಾಗಿ ನೋಡುವುದು ಸರ್ಕಾರಿ ನೌಕರರ ಉಲ್ಲಂಘನೆ ಅಥವಾ ನಿರ್ಲಕ್ಷ್ಯವನ್ನು. ಅಂಗಡಿಯವರ ಮೇಲಿನ ದೂರಿಗೆ ಅದು ಜಾಗವಲ್ಲ. ಬಿಸಿಯೂಟದಲ್ಲಿ ಮಕ್ಕಳು ಅಸ್ವಸ್ಥರಾದರೂ ಅಧಿಕಾರಿ ಬಂದು ನೋಡಲಿಲ್ಲ, ಕೊಟ್ಟ ದೂರು ತಿಂಗಳುಗಟ್ಟಲೆ ಕೊಳೆಯಿತು ಎಂಬಂಥದ್ದಕ್ಕೆ ಹೋಗಿ. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆಗೆ ತೆಗೆದುಕೊಳ್ಳದು. ಮೊದಲ ದೂರಿನ ಸ್ವೀಕೃತಿಯ ಪ್ರತಿಯನ್ನು ಅರ್ಜಿಯ ಜೊತೆ ಲಗತ್ತಿಸಿ. ಹಣದ ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿ ಗಡುವು ಎರಡು ವರ್ಷ.