ಗ್ರಾನಾಡಾಕ್ಕೆ ಬರಲಿರುವ ತಂಗಿಗೆ

ಎರಡು ವರ್ಷದ ಸಂಶೋಧನೆಗೆಂದು ಸ್ಪೇನಿನ ಗ್ರಾನಾಡಾಕ್ಕೆ ಬರಲಿರುವ ನೀವು, ಮನೆ ಮತ್ತು ಸಸ್ಯಾಹಾರದ ವಿಚಾರದ ಜೊತೆಗೆ, ಇಲ್ಲಿನ ಹಳೆಯ ಅರಮನೆ-ಕೋಟೆಯಾದ ಅಲ್ಹಾಂಬ್ರಾವನ್ನೂ ಸುತ್ತಲಿನ ಪ್ರಾಂತ್ಯವನ್ನೂ ನಿಧಾನವಾಗಿ ನೋಡಿದರಾಯಿತಲ್ಲವೇ ಎಂದು ಕೇಳಿದ್ದೀರಿ. ವಿಟ್ಲದ ಕಡೆಯಿಂದ ಹೊರಟು, ಎರಡು ಪೆಟ್ಟಿಗೆ ಮತ್ತು ಒಂದು ಭರಣಿ ಮಿಡಿ ಉಪ್ಪಿನಕಾಯಿಯೊಡನೆ ಇಲ್ಲಿ ಬಸ್ಸಿಳಿದ ದಿನ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮನೆಯ ಬಗ್ಗೆ ಹೆಚ್ಚು ಹೇಳಲಾರೆ. ಹಳೆಯ ಬಡಾವಣೆಯಾದ ಅಲ್ಬೈಸೀನ್‌ನ ಬಿಳಿಗೋಡೆಯ ಓಣಿಗಳು ಚಿತ್ರದಲ್ಲಿ ಚೆಂದ. ಊರು ಸುಮಾರು 700 ಮೀಟರ್ ಎತ್ತರದಲ್ಲಿರುವುದರಿಂದ ಚಳಿಗಾಲದಲ್ಲಿ ಆ ಹಳೆಯ ಮನೆಗಳು ಥಂಡಿ ಹಿಡಿಯುತ್ತವೆ. ಬಿಸಿಲು ಬೀಳುವ ಕೋಣೆಯನ್ನೇ ಹಿಡಿಯಿರಿ. ವಾಸದ ನೋಂದಣಿಯಾದ ಎಂಪಾದ್ರೋನಾಮಿಯೆಂತೊವನ್ನು ತಡಮಾಡದೆ ನಗರಸಭೆಯಲ್ಲಿ ಮಾಡಿಸಿ. ಇಲ್ಲಿ ಪಾನೀಯದ ಜೊತೆ ತಪಾ ಎಂಬ ತಿಂಡಿ ಪುಕ್ಕಟೆ ಬರುತ್ತದೆ, ಆದರೆ ಮಾಂಸ ಬೇಡವೆಂದರೂ ಅದರ ಮೇಲೆ ಹಂದಿಯ ಹಾಮೋನ್ ತುಣುಕು ಕೂತಿರುವುದುಂಟು. ಕೆಲವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ. ಕರಿದ ಬದನೆಕಾಯಿಗೆ ಕಬ್ಬಿನ ಪಾಕ ಸುರಿದು ಕೊಡುತ್ತಾರೆ, ಅದನ್ನು ಕೇಳಿ ತಿನ್ನಿ. ಪಾಕವೆಂದರೆ ನಮ್ಮ ಜೋನಿಬೆಲ್ಲವೇ.

ಇನ್ನು ನಿಧಾನದ ಮಾತು. ನನ್ನ ಅಪ್ಪ ಇಲ್ಲಿಗೆ ಬಂದದ್ದು ಒಮ್ಮೆ, ಮೂರು ವಾರಕ್ಕೆ. ಗುಡ್ಡ ಕೊರೆದ ಸುರಂಗದ ನೀರಿನಿಂದ ಅಡಿಕೆ ತೋಟ ಬೆಳೆಸಿದವರು ಅವರು. ಮೊದಲು ಬಸ್ಸಿನಲ್ಲಿ ಆಲ್ಪುಹಾರಾ ಎಂಬ ಬೆಟ್ಟದ ಸೀಮೆಯ ಪಂಪಾನೇಯ್ರಾ ಹಳ್ಳಿಗೆ ಕರೆದೊಯ್ದೆ. ಸಿಯೆರಾ ನೆವಾಡಾ ಬೆಟ್ಟಸಾಲಿನ ಹಿಮ ಕರಗಿದ ನೀರನ್ನು ಅಲ್ಲಿನವರು ಅರಬರ ಕಾಲದಿಂದಲೂ ಅಸೇಕಿಯಾ ಎಂಬ ಕಾಲುವೆಗಳಲ್ಲಿ ಹರಿಸಿ, ಮೇಲಿನ ಇಳಿಜಾರಿನಲ್ಲೇ ಇಂಗಿಸುತ್ತಾರೆ. ಅದು ತಡವಾಗಿ, ಕೆಳಗಿನ ಊರುಗಳ ಒರತೆಗಳಲ್ಲಿ ಹೊರಡುತ್ತದೆ. ಇದನ್ನು ವಿವರಿಸಿದಾಗ ಅಪ್ಪ ಚಪ್ಪಲಿ ಕಳಚಿ ಕಾಲುವೆಯಲ್ಲಿ ಕಾಲಿಟ್ಟು, "ನಮ್ಮ ಇಂಗುಗುಂಡಿಗೆ ಇದು ಅಜ್ಜ" ಎಂದರು. ಕರಾವಳಿಯ ಅಲ್ಮುನ್ಯೇಕರ್‌ನಲ್ಲಿ ಸೀತಾಫಲದ ದಾಯಾದಿಯಾದ ಚಿರಿಮೋಯದ ತೋಟಗಳನ್ನೂ ನೋಡಿದೆವು.

ಕಿಟಕಿಯಿಂದಲೇ ಕಾಣುವ ಅಲ್ಹಾಂಬ್ರಾವನ್ನು ಕೊನೆಯ ವಾರಕ್ಕೆ ಇಟ್ಟಿದ್ದೆ. ಮನೆಯೆದುರಿನ ಗುಡಿಗೆ ಹೋಗದವರ ಹಾಗೆ ನಾನೂ ಅಷ್ಟು ವರ್ಷ ಒಳಗೆ ಕಾಲಿಟ್ಟಿರಲಿಲ್ಲ. ಆ ವಾರದ ಟಿಕೆಟ್‌ಗಳೆಲ್ಲ ಮುಗಿದಿದ್ದವು. ದಾರೋ ಕಣಿವೆಯ ಈಚೆ, ಸಾನ್ ನಿಕೊಲಾಸ್ ಕಟ್ಟೆಯ ಮೇಲೆ ಕುಳಿತು ಅಪ್ಪ ಕೆಂಪು ಕೋಟೆಯನ್ನು ನೋಡುತ್ತ, "ಅಷ್ಟು ಎತ್ತರಕ್ಕೆ ನೀರು ಹೇಗೆ ಹತ್ತಿತು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮುಂದಿನ ಆಟಿ ತಿಂಗಳಲ್ಲಿ ಅಪ್ಪ ಹೋದರು.

ಆಮೇಲೆ ಒಬ್ಬಳೇ ಹೋದೆ. ಅಲ್ಹಾಂಬ್ರಾದ ಪಕ್ಕದ ಹೆನೆರಾಲಿಫೆ ತೋಟದಲ್ಲಿ ಮೆಟ್ಟಿಲ ಪಕ್ಕದ ಕೈಯೂರುವ ಕಟ್ಟೆಯೊಳಗೇ ನೀರು ಹರಿಯುವುದನ್ನು ಮುಟ್ಟಿ ನೋಡಿದೆ. ನೀರು ಹತ್ತುವುದೇ ಇಲ್ಲ. 13ನೇ ಶತಮಾನದಲ್ಲಿ ಇಲ್ಲಿ ಆಳಿದ ಮುಸ್ಲಿಂ ವಂಶದ ನಸ್ರಿದ್ ದೊರೆಗಳು ದಾರೋ ನದಿಯನ್ನು ಸುಮಾರು 6 ಕಿ.ಮೀ. ಮೇಲೆಯೇ ತಡೆದು, ಗುಡ್ಡದ ಪಕ್ಕೆ ಹಿಡಿದು ಇಳಿಜಾರಿನಲ್ಲೇ ಕಾಲುವೆ ತಂದರು. ಅಪ್ಪನಿಗೆ ಒಂದೇ ವಾಕ್ಯ ಸಾಕಾಗುತ್ತಿತ್ತು.

ನಿಮ್ಮ ಮನೆಯವರು ಬರುವುದಾದರೆ ವಿಮಾನದ ಟಿಕೆಟ್‌ ಕೊಂಡ ದಿನವೇ ಅಲ್ಹಾಂಬ್ರಾದ ಟಿಕೆಟ್ಟನ್ನೂ ನೋಡಿ. ಅದರಲ್ಲಿ ಹೆಸರಿರುತ್ತದೆ, ಪಾಸ್‌ಪೋರ್ಟ್ ಕೈಯಲ್ಲಿರಲಿ. ನಸ್ರಿದ್ ಅರಮನೆಗಳಿಗೆ ನಮೂದಿಸಿದ ಹೊತ್ತು ಮೀರಿದರೆ ಒಳಗೆ ಬಿಡುವುದಿಲ್ಲ. ನೀವು ಮಾತ್ರ ಅವರಿಗಿಂತ ಮೊದಲೇ ಒಮ್ಮೆ ನೋಡಿಕೊಂಡಿರಿ.