ದನಿ ಕೇಳಿಸಿದ ಮಾತ್ರಕ್ಕೆ ಸ್ಕಿಜೋಫ್ರೀನಿಯಾ ಅಲ್ಲ

ಪ್ರಶ್ನೆ: ನಮ್ಮ ಅಣ್ಣ ಸೇಡಂ ಹತ್ತಿರ ತೊಗರಿ ಬೆಳೆಯುತ್ತಾನೆ. ಎರಡು ತಿಂಗಳಿಂದ ಮಂಕಾಗಿದ್ದಾನೆ, ನಸುಕಿನ 3ಕ್ಕೇ ಎಚ್ಚರ. ಮೂರು ವಾರದಿಂದ ‘ಹೊಲ ಎಲ್ಲಾ ಸಾಲದಾಗ ಹೋಯ್ತು, ಪೊಲೀಸರು ಬರ್ತಾರ’ ಅನ್ನುತ್ತಾನೆ. ಸಾಲವೇ ಇಲ್ಲ. ‘ನೀ ಪಾಪಿ’ ಅಂತ ಯಾರೋ ಬೈಯುವುದೂ ಕೇಳಿಸುತ್ತದಂತೆ. ವೈದ್ಯರು ‘ಸೈಕೋಸಿಸ್ ಸಹಿತ ತೀವ್ರ ಖಿನ್ನತೆ’ ಎಂದು ಬರೆದಿದ್ದಾರೆ. ಇದು ಸ್ಕಿಜೋಫ್ರೀನಿಯಾ ಅಲ್ಲವೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ವೈದ್ಯರ ಮಾತೇ ಸರಿಹೊಂದುತ್ತದೆ. ಸೈಕೋಸಿಸ್ ಎಂದರೆ ಯಾರೂ ಇಲ್ಲದೆ ದನಿ ಕೇಳಿಸುವುದು, ನಿಜವಲ್ಲದ್ದನ್ನು ಗಟ್ಟಿಯಾಗಿ ನಂಬುವುದು (ಭ್ರಮೆ). ಸ್ಕಿಜೋಫ್ರೀನಿಯಾದಲ್ಲಿ ಇವೇ ಮುಖ್ಯ; ಖಿನ್ನತೆಯಲ್ಲಿ ಮಂಕಿನ ಜೊತೆಗೆ ಬರುತ್ತವೆ. ಜ್ವರದ ಹಾಗೆ ದನಿಯೂ ಒಂದು ಲಕ್ಷಣ; ಹಲವು ಕಾಯಿಲೆಗಳಲ್ಲಿ ಬರುತ್ತದೆ. ಯಾವುದು ಮೊದಲು ಬಂತು, ಯಾವುದು ಕೊನೆಗೆ ಹೋಯಿತು ಎಂಬುದರ ಮೇಲೆ ಹೆಸರು ನಿಲ್ಲುತ್ತದೆ. ಅಣ್ಣನಿಗೆ ಮಂಕು ಮೊದಲು, ದನಿ ಆಮೇಲೆ. ಮಂಕು ಇಲ್ಲದ ದಿನಗಳಲ್ಲೂ ದನಿ, ಭ್ರಮೆಗಳು 2 ವಾರವೋ ಹೆಚ್ಚೋ ಉಳಿದರೆ ಮಾತ್ರ, ಸ್ಕಿಜೋಫ್ರೀನಿಯಾದ ಲಕ್ಷಣಗಳೂ ಮನಸ್ಥಿತಿಯ ಏರುಪೇರೂ ಕೂಡಿರುವ ಸ್ಕಿಜೋಅಫೆಕ್ಟಿವ್ ಕಾಯಿಲೆಯ ಯೋಚನೆ ಬರುತ್ತದೆ. ಇದು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ, 2013ರ ಡಿಎಸ್‌ಎಂ-5 ಇಟ್ಟಿರುವ ಅಳತೆ.

ಇನ್ನು ಭ್ರಮೆಯ ಒಳಗಿನ ವಿಷಯ. ಪಾಪ, ದಿವಾಳಿ, ‘ಕರುಳು ಕೊಳೆತದ’ ಎಂಬ ನಂಬಿಕೆ ಖಿನ್ನತೆಯ ಮನಸ್ಸಿಗೆ ಹೊಂದುವಂಥವು. ಮನಸ್ಸು ವಿಪರೀತ ಉಬ್ಬುವ ಮೇನಿಯಾದಲ್ಲಾದರೆ ‘ಶರಣಬಸವೇಶ್ವರ ಜಾತ್ರೆ ತೇರು ನಾನೊಬ್ಬನೇ ಎಳೀತೀನಿ’ ಎಂಬ ಬಗೆ. ಪೊಲೀಸರ ಮಾತು ಮನಸ್ಥಿತಿಗೆ ಹೊಂದಲೂಬಹುದು, ಹೊಂದದಿರಲೂಬಹುದು. ವಾದಿಸದೆ, ‘ಯಾಕ ಬರ್ತಾರ?’ ಎಂದು ಮೆಲ್ಲಗೆ ಕೇಳಿ. ‘ನಾ ತಪ್ಪು ಮಾಡೀನಿ, ಶಿಕ್ಷೆ ಆಗಬೇಕು’ ಎಂದರೆ ಅದು ಮನಸ್ಥಿತಿಗೆ ಹೊಂದುತ್ತದೆ. ‘ನಾ ಏನೂ ಮಾಡಿಲ್ಲ, ಟವರ್‌ನಿಂದ ನನ್ನ ತಲ್ಯಾಗ ವಿಚಾರ ತುರುಕತಾರ’ ಎಂದರೆ ಹೊಂದುವುದಿಲ್ಲ. ಹೊಂದದ ಭ್ರಮೆ ಕಂಡ ಕೂಡಲೇ ಸ್ಕಿಜೋಫ್ರೀನಿಯಾ ಎನ್ನುವುದೂ ತಪ್ಪೇ; ಖಿನ್ನತೆಯಲ್ಲೂ ಮೇನಿಯಾದಲ್ಲೂ ಅಂಥವು ಬರುತ್ತವೆ.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ನಿದ್ದೆಯ ತಾಸು, ಮನಸ್ಸಿನ ಸ್ಥಿತಿ, ಅವನಾಡಿದ ಮಾತು ಇದ್ದದ್ದಿದ್ದಂಗೆ ಬರೆದಿಡಿ. ಹಿಂದೆ ಎಂದಾದರೂ ವಾರಗಟ್ಟಲೆ ನಿದ್ದೆಯಿಲ್ಲದೆಯೂ ದಣಿಯದೆ, ವಿಪರೀತ ಮಾತು, ಖರ್ಚು ಮಾಡಿದ್ದನೇ? ಇದನ್ನು ವೈದ್ಯರಿಗೆ ಹೇಳಲೇಬೇಕು. ಆಗ ಅದು ಖಿನ್ನತೆ, ಮೇನಿಯಾ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇರಬಹುದು. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮೇನಿಯಾ ಏಳುವ ಅಪಾಯವಿದೆ. ಕುಡಿತ, ಥೈರಾಯ್ಡ್ ವಿಷಯವನ್ನೂ ಮುಚ್ಚಿಡಬೇಡಿ.

ಸೈಕೋಸಿಸ್ ಸಹಿತ ಖಿನ್ನತೆಗೆ ಸಾಮಾನ್ಯವಾಗಿ ಖಿನ್ನತೆ ಮತ್ತು ಸೈಕೋಸಿಸ್ ಎರಡರ ಮಾತ್ರೆಗಳನ್ನೂ ಜೊತೆಗೆ ಕೊಡುತ್ತಾರೆ. ಅರಿವಳಿಕೆ ಕೊಟ್ಟು ಮೆದುಳಿಗೆ ಅಲ್ಪ ವಿದ್ಯುತ್ ಹಾಯಿಸುವ ಇಸಿಟಿ ಚಿಕಿತ್ಸೆಯೂ ಚೆನ್ನಾಗಿ ಕೆಲಸ ಮಾಡುತ್ತದೆ. ದನಿ ನಿಂತಿತೆಂದು ನೀವಾಗಿಯೇ ಮಾತ್ರೆ ಬಿಡಿಸಬೇಡಿ.

ಈ ಸ್ಥಿತಿಯಲ್ಲಿ ಆತ್ಮಹತ್ಯೆಯ ಭಯ ಹೆಚ್ಚು. ತೊಗರಿಗೆ ಹೊಡೆಯುವ ಕೀಟನಾಶಕವನ್ನು ಇವತ್ತೇ ಮನೆಯಿಂದ ಹೊರಗೆ ಸಾಗಿಸಿ, ರಾತ್ರಿ ಒಬ್ಬರು ಜೊತೆಗಿರಿ. ‘ಸಾಯ್ತೀನಿ’ ಎಂದರೆ, ‘ಸಾಯಿ’ ಎಂದು ದನಿ ಹೇಳಿದರೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ತಾಸೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.