ಸರ್ಕ್ಯೂಟ್ ಬೋರ್ಡ್ ವಿನ್ಯಾಸ: ಫುಟ್‌ಪ್ರಿಂಟ್ ಲೈಬ್ರರಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತುಮಕೂರಿನಲ್ಲಿ ಕೃಷಿ ಪಂಪ್‌ಸೆಟ್‌ಗಳ ನಿಯಂತ್ರಣ ಬೋರ್ಡ್‌ಗಳನ್ನು ತಯಾರಿಸುವ ಸಣ್ಣ ಘಟಕ ನಮ್ಮದು. ಮೂವರು ವಿನ್ಯಾಸಕರಿದ್ದೇವೆ, ಮೂವರೂ ಕೀಕ್ಯಾಡ್ ಎಂಬ ಬೋರ್ಡ್ ವಿನ್ಯಾಸದ ತಂತ್ರಾಂಶ ಬಳಸುತ್ತೇವೆ. ತಂತ್ರಾಂಶದ ಜೊತೆ ಬಂದ ಫುಟ್‌ಪ್ರಿಂಟ್ ಲೈಬ್ರರಿಯಲ್ಲೇ (ಫುಟ್‌ಪ್ರಿಂಟ್ ಎಂದರೆ ಬಿಡಿಭಾಗವೊಂದು ಬೋರ್ಡ್ ಮೇಲೆ ಕೂರಲು ಬೇಕಾದ ತಾಮ್ರದ ಪ್ಯಾಡ್ ಮತ್ತು ರಂಧ್ರಗಳ ನಕ್ಷೆ) ಕೆಲವು ಟರ್ಮಿನಲ್ ಬ್ಲಾಕ್‌ಗಳ ರಂಧ್ರದ ಅಳತೆಯನ್ನು ತಿದ್ದಿಕೊಂಡಿದ್ದೆವು. ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಆ ತಿದ್ದುಪಡಿಗಳು ಕಾಣುತ್ತಿಲ್ಲ. ಒಬ್ಬರ ಪ್ರಾಜೆಕ್ಟನ್ನು ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದು ಹೊಸ ಬಿಡಿಭಾಗ ಸೇರಿಸಲು ಹೋದರೆ ಫುಟ್‌ಪ್ರಿಂಟ್ ಸಿಗಲಿಲ್ಲ ಎಂಬ ಸಂದೇಶವೂ ಬರುತ್ತದೆ. ಲೈಬ್ರರಿಗಳನ್ನು ಹೇಗೆ ಇಟ್ಟುಕೊಳ್ಳಬೇಕು?

ಉತ್ತರ: ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ತಂತ್ರಾಂಶದ ಜೊತೆ ಬರುವ ಲೈಬ್ರರಿ ನಿಮ್ಮ ಸ್ವತ್ತಲ್ಲ. ಅದನ್ನು ಓದಬಹುದು, ಅದರಿಂದ ನಕಲು ಮಾಡಿಕೊಳ್ಳಬಹುದು, ಆದರೆ ಅದರೊಳಗೆ ಏನನ್ನೂ ತಿದ್ದಬಾರದು. ಹೊಸ ಆವೃತ್ತಿ ಬಂದಾಗ ಆ ಫೋಲ್ಡರಿನಲ್ಲಿರುವ ಕಡತಗಳ ಮೇಲೆ ಹೊಸವು ಬಂದು ಕೂರುತ್ತವೆ, ಇಲ್ಲವೇ ಬೇರೆಯದೇ ಫೋಲ್ಡರ್ ಸೃಷ್ಟಿಯಾಗಿ ತಂತ್ರಾಂಶವು ಅದನ್ನೇ ನೋಡತೊಡಗುತ್ತದೆ. ನಿಮ್ಮ ವಿಚಾರದಲ್ಲಿ ಎರಡನೆಯದು ಆಗಿದ್ದರೆ ಹಳೆಯ ಆವೃತ್ತಿಯ ಫೋಲ್ಡರ್ ಇನ್ನೂ ಡಿಸ್ಕಿನಲ್ಲಿರಬಹುದು, ಒಮ್ಮೆ ಹುಡುಕಿ. ಅದು ಸಿಗದಿದ್ದರೂ ಕೆಲಸ ಕೆಟ್ಟಿಲ್ಲ. ನೀವು ಈಗಾಗಲೇ ಮಾಡಿರುವ ಬೋರ್ಡ್ ಕಡತಗಳೊಳಗೆ ತಿದ್ದಿದ ಫುಟ್‌ಪ್ರಿಂಟ್‌ಗಳ ಪ್ರತಿಗಳು ಪೂರ್ತಿಯಾಗಿ ಉಳಿದಿವೆ. ಬೋರ್ಡ್ ಎಡಿಟರಿನ ಎಕ್ಸ್‌ಪೋರ್ಟ್ ಮೆನುವಿನಲ್ಲಿ ಬೋರ್ಡ್ ಮೇಲಿರುವ ಫುಟ್‌ಪ್ರಿಂಟ್‌ಗಳನ್ನು ಹೊಸ ಲೈಬ್ರರಿಗೆ ತೆಗೆಯುವ ಸೌಲಭ್ಯವಿದೆ. ಅದರಿಂದ ನಿಮ್ಮ ಟರ್ಮಿನಲ್ ಬ್ಲಾಕ್‌ಗಳನ್ನು ಮರಳಿ ಪಡೆಯಿರಿ.

ಇನ್ನು ವ್ಯವಸ್ಥೆಯ ವಿಷಯ. ಕೀಕ್ಯಾಡ್‌ನಲ್ಲಿ ಫುಟ್‌ಪ್ರಿಂಟ್ ಲೈಬ್ರರಿ ಎಂದರೆ ಹೆಸರಿನ ಕೊನೆಗೆ ‘ಡಾಟ್ ಪ್ರೆಟಿ’ ಎಂದಿರುವ ಒಂದು ಸಾಮಾನ್ಯ ಫೋಲ್ಡರ್, ಅದರೊಳಗೆ ಒಂದು ಫುಟ್‌ಪ್ರಿಂಟಿಗೆ ಒಂದರಂತೆ ಪಠ್ಯರೂಪದ ಕಡತಗಳು, ಅಷ್ಟೆ. ಆ ಫೋಲ್ಡರ್ ಎಲ್ಲಿದೆ ಎಂಬುದನ್ನು ಲೈಬ್ರರಿ ಪಟ್ಟಿಯೊಂದು ನೆನಪಿಟ್ಟುಕೊಳ್ಳುತ್ತದೆ: ಪ್ರತಿ ಲೈಬ್ರರಿಗೂ ಒಂದು ಅಡ್ಡಹೆಸರು, ಅದರ ಎದುರಿಗೆ ಫೋಲ್ಡರಿನ ಪಾತ್. ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟಿನ ಸಂಪರ್ಕ ನಕ್ಷೆಯಲ್ಲಿ) ಪ್ರತಿ ಬಿಡಿಭಾಗದ ಜೊತೆ ಉಳಿಯುವುದು ಈ ಅಡ್ಡಹೆಸರು ಮತ್ತು ಫುಟ್‌ಪ್ರಿಂಟಿನ ಹೆಸರು ಮಾತ್ರ, ಪಾತ್ ಅಲ್ಲಿರುವುದಿಲ್ಲ. ನಿಮ್ಮ ಸಹೋದ್ಯೋಗಿಯ ಪಟ್ಟಿಯಲ್ಲಿ ಅದೇ ಅಡ್ಡಹೆಸರು ಇಲ್ಲದಿದ್ದರೆ, ಅಥವಾ ಇದ್ದರೂ ಅದು ಅವರ ಕಂಪ್ಯೂಟರಿನಲ್ಲಿ ಇಲ್ಲದ ‘ಡಿ’ ಡ್ರೈವಿನ ಫೋಲ್ಡರೊಂದನ್ನು ತೋರಿಸುತ್ತಿದ್ದರೆ, ಬೋರ್ಡ್ ಸರಾಗವಾಗಿ ತೆರೆದುಕೊಂಡರೂ ಹೊಸ ಬಿಡಿಭಾಗ ತರುವಾಗ ಅದೇ ಸಂದೇಶ ಬರುತ್ತದೆ.

ಪಟ್ಟಿಗಳು ಎರಡು ಬಗೆಯವು. ಒಂದು ಆ ಕಂಪ್ಯೂಟರಿನ ಎಲ್ಲ ಪ್ರಾಜೆಕ್ಟ್‌ಗಳಿಗೂ ಅನ್ವಯಿಸುವ ಗ್ಲೋಬಲ್ ಪಟ್ಟಿ. ಇನ್ನೊಂದು ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇದ್ದು ಅದರ ಜೊತೆಗೇ ಪ್ರಯಾಣಿಸುವ ಪಟ್ಟಿ. ಎರಡರಲ್ಲೂ ಒಂದೇ ಅಡ್ಡಹೆಸರು ಇದ್ದರೆ ಪ್ರಾಜೆಕ್ಟಿನ ಪಟ್ಟಿಯದೇ ನಡೆಯುತ್ತದೆ. ಮೂವರ ಘಟಕಕ್ಕೆ ನಾನು ಸೂಚಿಸುವುದು ಹೀಗಿದೆ. ಘಟಕದ ಹೆಸರಿನಲ್ಲಿ ಒಂದು ಲೈಬ್ರರಿ ಮಾಡಿ, ಅದನ್ನು ಕಡತಗಳ ಬದಲಾವಣೆಯ ದಾಖಲೆ ಇಡುವ ಗಿಟ್ ತಂತ್ರಾಂಶದಲ್ಲಿಡಿ. ಪ್ರತಿ ಕಂಪ್ಯೂಟರಿನಲ್ಲೂ ಪಾತ್‌ಗಳನ್ನು ಹೊಂದಿಸುವ ಜಾಗದಲ್ಲಿ ಒಂದೇ ಹೆಸರಿನ ವೇರಿಯಬಲ್ ರಚಿಸಿ, ಆ ಫೋಲ್ಡರ್ ಅಲ್ಲಿ ಎಲ್ಲಿದೆಯೋ ಅದನ್ನು ಅದಕ್ಕೆ ತೋರಿಸಿ. ಗ್ಲೋಬಲ್ ಪಟ್ಟಿಯಲ್ಲಿ ನೇರ ಪಾತ್ ಬರೆಯದೆ ಈ ವೇರಿಯಬಲ್ಲನ್ನೇ ಬರೆಯಿರಿ. ಒಬ್ಬರ ಲೈಬ್ರರಿ ಡಿ ಡ್ರೈವಿನಲ್ಲಿರಲಿ, ಇನ್ನೊಬ್ಬರದು ಲಿನಕ್ಸಿನ ಹೋಮ್ ಫೋಲ್ಡರಿನಲ್ಲಿರಲಿ, ಪ್ರಾಜೆಕ್ಟಿಗೆ ಅದರ ಗೊಡವೆಯೇ ಇರುವುದಿಲ್ಲ. ಅಡ್ಡಹೆಸರನ್ನು ಒಮ್ಮೆ ಇಟ್ಟ ಮೇಲೆ ಬದಲಿಸಬೇಡಿ. ಬದಲಿಸಿದ ದಿನವೇ ಹಳೆಯ ಸ್ಕೀಮ್ಯಾಟಿಕ್‌ಗಳ ಕೊಂಡಿ ಕಳಚುತ್ತದೆ.

ಗ್ರಾಹಕರಿಗೆ ಒಪ್ಪಿಸುವ ಅಥವಾ ಕೆಲಸ ಮುಗಿದು ಕಪಾಟು ಸೇರುವ ಪ್ರಾಜೆಕ್ಟ್‌ಗಳಿಗೆ ಮಾತ್ರ ಬೇರೆ ಕ್ರಮ ಬೇಕು. ಬೋರ್ಡ್ ಮೇಲಿನ ಫುಟ್‌ಪ್ರಿಂಟ್‌ಗಳನ್ನೆಲ್ಲ ಪ್ರಾಜೆಕ್ಟಿನೊಳಗಿನ ಲೈಬ್ರರಿಯೊಂದಕ್ಕೆ ತೆಗೆದು, ಸ್ಕೀಮ್ಯಾಟಿಕ್‌ನಲ್ಲೂ ಅದರ ಅಡ್ಡಹೆಸರನ್ನೇ ಕೊಟ್ಟು, ಪ್ರಾಜೆಕ್ಟಿನ ಪಟ್ಟಿಯಲ್ಲಿ ಅದರ ಪಾತನ್ನು ಕೆಐಪಿಆರ್‌ಜೆಎಂಒಡಿ ಎಂಬ ವೇರಿಯಬಲ್ಲಿನಿಂದ ಆರಂಭಿಸಿ ಬರೆಯಿರಿ. ಈ ವೇರಿಯಬಲ್ ಸದಾ ಪ್ರಾಜೆಕ್ಟಿನ ಫೋಲ್ಡರನ್ನೇ ತೋರಿಸುವುದರಿಂದ ಆ ಫೋಲ್ಡರನ್ನು ಯಾವ ಕಂಪ್ಯೂಟರಿಗೆ ಒಯ್ದರೂ ಲೈಬ್ರರಿ ಜೊತೆಗೇ ಇರುತ್ತದೆ. ಮೂರು ಆಯಾಮದ ಮಾದರಿಗಳಿಗೂ ಇದೇ ಮಾತು ಸಲ್ಲುತ್ತದೆ. 9ನೇ ಆವೃತ್ತಿಯಿಂದ ಅವುಗಳನ್ನು ಫುಟ್‌ಪ್ರಿಂಟ್ ಕಡತದೊಳಗೇ ಹುದುಗಿಸಿಡಬಹುದು.

ಘಟಕದ ಲೈಬ್ರರಿಗೆ ತಂತ್ರಾಂಶದ ಲೈಬ್ರರಿಯನ್ನು ಸಾರಾಸಗಟಾಗಿ ನಕಲು ಮಾಡಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ನೀವು ನಿಜವಾಗಿ ಕೊಂಡು, ಬೋರ್ಡಿನಲ್ಲಿ ಕೂರಿಸಿ, ಸರಿಯಿದೆ ಎಂದು ಕಂಡ ಬಿಡಿಭಾಗಗಳಷ್ಟೇ ಅಲ್ಲಿರಲಿ. ಆಗ ಅಲ್ಲಿಂದ ಒಂದನ್ನು ಆರಿಸುವವರಿಗೆ ಮತ್ತೆ ಅನುಮಾನಪಡುವ ಕೆಲಸವಿರುವುದಿಲ್ಲ. ಪ್ರತಿ ಫುಟ್‌ಪ್ರಿಂಟಿನ ವಿವರಣೆಯ ಜಾಗದಲ್ಲಿ ತಯಾರಕರ ಪಾರ್ಟ್ ಸಂಖ್ಯೆ, ಯಾವ ಡೇಟಾಶೀಟಿನ (ತಯಾರಕರು ಕೊಡುವ ಅಳತೆ, ವಿವರಗಳ ಪತ್ರದ) ಯಾವ ಪರಿಷ್ಕರಣೆಯನ್ನು ನೋಡಿ ಮಾಡಿದ್ದು, ಯಾರು ಪರಿಶೀಲಿಸಿದರು ಎಂಬುದನ್ನು ಬರೆದಿಡಿ. ‘ಹೊಸದು’, ‘ಫೈನಲ್ 2’ ಎಂಬಂಥ ಹೆಸರುಗಳನ್ನು ಘಟಕದಲ್ಲಿ ನಿಷೇಧಿಸುವುದೇ ಒಳ್ಳೆಯದು. ಯಾವುದನ್ನು ಯಾವಾಗ ತಿದ್ದಲಾಯಿತು ಎಂಬುದನ್ನು ಗಿಟ್ ನೆನಪಿಟ್ಟುಕೊಳ್ಳುತ್ತದೆ. ಮೂವರೂ ಒಂದೇ ಆವೃತ್ತಿಯಲ್ಲಿರುವುದೂ ಮುಖ್ಯ, ಏಕೆಂದರೆ ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯದರಲ್ಲಿ ತೆರೆಯುವುದಿಲ್ಲ.

ಪ್ರಶ್ನೆ: ಲೈಬ್ರರಿಯಲ್ಲಿ ಕನೆಕ್ಟರೊಂದರ ಪ್ಯಾಡ್ ತಿದ್ದಿದೆ. ಬೋರ್ಡ್ ತೆರೆದರೆ ಹಳೆಯ ಪ್ಯಾಡೇ ಇದೆ. ಇದು ತಂತ್ರಾಂಶದ ದೋಷವೇ?

ಉತ್ತರ: ದೋಷವಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ. ಫುಟ್‌ಪ್ರಿಂಟನ್ನು ಬೋರ್ಡಿಗೆ ತಂದ ಗಳಿಗೆಯಲ್ಲೇ ಅದರ ಪ್ರತಿಯೊಂದು ಬೋರ್ಡ್ ಕಡತದೊಳಗೆ ಸೇರುತ್ತದೆ. ನಾಡಕಚೇರಿಯಿಂದ ತಂದಿಟ್ಟ ಪಹಣಿಯ ಪ್ರತಿಯಂತೆ ಇದು. ಕಚೇರಿಯ ದಾಖಲೆ ತಿದ್ದುಪಡಿಯಾದರೂ ಮನೆಯಲ್ಲಿರುವ ಕಾಗದ ತಾನಾಗಿ ಬದಲಾಗದು. ಈ ಏರ್ಪಾಡು ಇಲ್ಲದಿದ್ದರೆ, ಕಳೆದ ವರ್ಷ ತಯಾರಾಗಿ ಮಾರಾಟವಾದ ಬೋರ್ಡಿನ ಕಡತ ಇವತ್ತು ಯಾರೋ ಲೈಬ್ರರಿ ತಿದ್ದಿದ ಕಾರಣಕ್ಕೆ ತಾನಾಗಿ ಬದಲಾಗಿಬಿಡುತ್ತಿತ್ತು.

ಬದಲಾವಣೆ ಬೇಕಿದ್ದಾಗ ಬೋರ್ಡ್ ಎಡಿಟರಿನ ಟೂಲ್ಸ್ ಮೆನುವಿನಲ್ಲಿ ಲೈಬ್ರರಿಯಿಂದ ಫುಟ್‌ಪ್ರಿಂಟ್‌ಗಳನ್ನು ನವೀಕರಿಸುವ ಆಜ್ಞೆಯನ್ನು ಬಳಸಿ. ಎಲ್ಲವನ್ನೂ ಒಟ್ಟಿಗೆ ನವೀಕರಿಸುವ ಆಯ್ಕೆ ಅಲ್ಲಿದೆ, ಆದರೆ ಅದನ್ನು ಒತ್ತುವ ಮೊದಲು ಯೋಚಿಸಿ: ಬೋರ್ಡ್ ಮೇಲೆ ನೀವು ಕೈಯಾರೆ ಹೊಂದಿಸಿದ, ಮೇಲ್ಮೈಗೆ ಮುದ್ರಿಸುವ ಸಿಲ್ಕ್‌ಸ್ಕ್ರೀನ್ ಅಕ್ಷರಗಳು, ಒಂದೆರಡು ಕಡೆ ಬೇಕೆಂದೇ ಬದಲಿಸಿದ ಪ್ಯಾಡ್‌ಗಳು ಲೈಬ್ರರಿಯ ಸ್ಥಿತಿಗೆ ಮರಳಬಹುದು. ಬೇಕಾದ ಒಂದನ್ನೇ ಆರಿಸಿ ನವೀಕರಿಸುವುದು ಕ್ಷೇಮ. ಬೋರ್ಡಿನ ಪ್ರತಿಗೂ ಲೈಬ್ರರಿಗೂ ವ್ಯತ್ಯಾಸವಿದ್ದರೆ ಈಚಿನ ಆವೃತ್ತಿಗಳ ನಿಯಮ ಪರಿಶೀಲನೆ ಎಚ್ಚರಿಕೆ ಕೊಡುತ್ತದೆ. ಅದನ್ನು ಬಹುಮಂದಿ ಆಫ್ ಮಾಡಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ತಯಾರಿಕೆಗೆ ಕಳಿಸುವ ಮುನ್ನವಾದರೂ ಅದನ್ನು ಆನ್ ಮಾಡಿ ನೋಡಬೇಕು.

ಪ್ರಶ್ನೆ: ಹುಬ್ಬಳ್ಳಿಯ ಪಾಲಿಟೆಕ್ನಿಕ್ ವಿದ್ಯಾರ್ಥಿನಿ ನಾನು. ಎಂಟು ಕಾಲಿನ ಫ್ಲ್ಯಾಶ್ ಮೆಮೊರಿ ಚಿಪ್ಪಿಗೆ ಲೈಬ್ರರಿಯಲ್ಲಿದ್ದ ಎಸ್‌ಒಐಸಿ-8 ಫುಟ್‌ಪ್ರಿಂಟನ್ನೇ ಹಾಕಿದ್ದೆ. ಬೋರ್ಡ್ ಬಂದ ಮೇಲೆ ನೋಡಿದರೆ ಚಿಪ್ ಪ್ಯಾಡ್‌ಗಳಿಗಿಂತ ಅಗಲವಾಗಿದೆ. ಸಿದ್ಧ ಫುಟ್‌ಪ್ರಿಂಟ್‌ಗಳನ್ನು ನಂಬಬಹುದೇ? ಬೋರ್ಡ್ ಮಾಡಿಸುವ ಮೊದಲೇ ತಪ್ಪು ಕಂಡುಹಿಡಿಯುವುದು ಹೇಗೆ?

ಉತ್ತರ: ನೀವು ಬಳಸಿದ ಫುಟ್‌ಪ್ರಿಂಟ್ ತಪ್ಪಲ್ಲ, ಅದು ಬೇರೆ ಚಿಪ್ಪಿನದು. ಎಸ್‌ಒಐಸಿ-8 ಎಂಬ ಒಂದೇ ಹೆಸರಿನಡಿ ಎರಡು ಅಗಲಗಳು ಚಲಾವಣೆಯಲ್ಲಿವೆ. ಆಪ್‌ಆಂಪ್‌ಗಳಂಥ ಸಾಮಾನ್ಯ ಚಿಪ್‌ಗಳ ದೇಹ 3.9 ಮಿಲಿಮೀಟರ್ ಅಗಲ, ಕಾಲಿನ ತುದಿಯಿಂದ ತುದಿಗೆ ಸುಮಾರು 6 ಮಿಲಿಮೀಟರ್. ಫ್ಲ್ಯಾಶ್ ಮೆಮೊರಿಗಳಲ್ಲಿ ಹಲವು ಬರುವುದು ಸುಮಾರು 5.3 ಮಿಲಿಮೀಟರ್ ದೇಹದಲ್ಲಿ, ತುದಿಯಿಂದ ತುದಿಗೆ ಹತ್ತಿರಹತ್ತಿರ 8 ಮಿಲಿಮೀಟರ್. ಎರಡರಲ್ಲೂ ಕಾಲುಗಳ ಅಂತರ 1.27 ಮಿಲಿಮೀಟರೇ ಆದುದರಿಂದ ಪರದೆಯ ಮೇಲೆ ಅನುಮಾನ ಬರುವುದಿಲ್ಲ. ಮೆಮೊರಿ ತಯಾರಕರು ಡೇಟಾಶೀಟಿನಲ್ಲಿ ಇವನ್ನು 150 ಮಿಲ್ ಮತ್ತು 208 ಮಿಲ್ (ಮಿಲ್ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ) ಎಂದು ಬೇರ್ಪಡಿಸುತ್ತಾರೆ. ಪಾರ್ಟ್ ಸಂಖ್ಯೆಯ ಕೊನೆಯ ಅಕ್ಷರಗಳನ್ನು ಓದಿದರೆ ಯಾವುದು ಎಂಬುದು ತಿಳಿಯುತ್ತದೆ. ಕೀಕ್ಯಾಡ್ ಲೈಬ್ರರಿಯ ಹೆಸರುಗಳಲ್ಲೂ ದೇಹದ ಅಳತೆ ಮತ್ತು ಕಾಲುಗಳ ಅಂತರ ಬರೆದೇ ಇರುತ್ತವೆ. ಆರಿಸುವಾಗ ಹೆಸರನ್ನು ಕೊನೆಯವರೆಗೂ ಓದಬೇಕು.

ಇಂಥದ್ದೇ ಗೊಂದಲದ ಇನ್ನೊಂದು ಜಾಗ 0603 ಎಂಬ ಅಳತೆಯ ಸಂಕೇತ. ಅಂಗುಲ ಪದ್ಧತಿಯ 0603 ರೆಸಿಸ್ಟರ್ 1.6 ಮಿಲಿಮೀಟರ್ ಉದ್ದ, 0.8 ಮಿಲಿಮೀಟರ್ ಅಗಲ. ಮೆಟ್ರಿಕ್ ಪದ್ಧತಿಯಲ್ಲಿ ಅದು 1608. ಮೆಟ್ರಿಕ್ ಪದ್ಧತಿಯ 0603 ಎಂದರೆ 0.6ಕ್ಕೆ 0.3 ಮಿಲಿಮೀಟರಿನ, ಕಣ್ಣಿಗೆ ಕಾಣದಷ್ಟೇ ಎನ್ನಬಹುದಾದ ಚೂರು. ಈ ಗೊಂದಲ ತಪ್ಪಲೆಂದೇ ಲೈಬ್ರರಿಯಲ್ಲಿ ಎರಡೂ ಸಂಖ್ಯೆಗಳನ್ನು ಹೆಸರಿನಲ್ಲಿ ಸೇರಿಸಿದ್ದಾರೆ. ನೀವು ಕೈಯಿಂದ ಬೆಸುಗೆ ಹಾಕುವವರಾದರೆ ‘ಹ್ಯಾಂಡ್‌ಸೋಲ್ಡರ್’ ಎಂದು ಕೊನೆಗೊಳ್ಳುವ, ಪ್ಯಾಡ್ ತುಸು ಉದ್ದವಿರುವ ಫುಟ್‌ಪ್ರಿಂಟನ್ನು ಆರಿಸಿಕೊಳ್ಳಿ.

ಟರ್ಮಿನಲ್ ಬ್ಲಾಕ್‌ಗಳಲ್ಲಿ ತಪ್ಪು ಇನ್ನೂ ನಯವಾಗಿ ನುಸುಳುತ್ತದೆ. ಅಂಗಡಿಯಲ್ಲಿ 5 ಮಿಲಿಮೀಟರ್ ಅಂತರದವೂ 5.08 ಮಿಲಿಮೀಟರ್ ಅಂತರದವೂ ಒಂದೇ ಡಬ್ಬಿಯಲ್ಲಿ ಇದ್ದಂತೆ ಕಾಣುತ್ತವೆ. ಎರಡು ಕಾಲಿನದಾದರೆ 0.08 ಮಿಲಿಮೀಟರಿನ ವ್ಯತ್ಯಾಸವನ್ನು ರಂಧ್ರವೇ ನುಂಗಿಕೊಳ್ಳುತ್ತದೆ. ಹನ್ನೆರಡು ಕಾಲಿನದನ್ನು ಕೂರಿಸಲು ಹೋದಾಗ ಮೊದಲ ಕಾಲಿನಿಂದ ಕೊನೆಯ ಕಾಲಿಗೆ ವ್ಯತ್ಯಾಸ 0.88 ಮಿಲಿಮೀಟರಿಗೆ ಬೆಳೆದಿರುತ್ತದೆ, ಬ್ಲಾಕ್ ಒಳಗೆ ಇಳಿಯುವುದೇ ಇಲ್ಲ. ವರ್ನಿಯರಿನಿಂದ ಅಕ್ಕಪಕ್ಕದ ಕಾಲುಗಳನ್ನು ಅಳೆಯದೆ ಮೊದಲ ಮತ್ತು ಕೊನೆಯ ಕಾಲಿನ ನಡುವಿನ ದೂರವನ್ನು ಅಳೆದು ಭಾಗಿಸುವುದು ಇದಕ್ಕಾಗಿಯೇ. ರಂಧ್ರದ ವ್ಯಾಸವು ಡೇಟಾಶೀಟಿನಲ್ಲಿ ಹೇಳಿದ ಕಾಲಿನ ಗರಿಷ್ಠ ವ್ಯಾಸಕ್ಕಿಂತ ಕನಿಷ್ಠ 0.2 ಮಿಲಿಮೀಟರ್ ಹೆಚ್ಚಿರಬೇಕು. ಕಾಲು ಚೌಕಾಕಾರದ್ದಾದರೆ ಕರ್ಣವನ್ನು ಲೆಕ್ಕಕ್ಕೆ ಹಿಡಿಯಬೇಕು.

ಬೋರ್ಡ್ ಮಾಡಿಸುವ ಮೊದಲು ಮಾಡಬಹುದಾದ ಅತ್ಯಂತ ಅಗ್ಗದ ಪರೀಕ್ಷೆ ಕಾಗದದ್ದು. ಬೋರ್ಡನ್ನು ನಿಜ ಅಳತೆಯಲ್ಲಿ, ಅಂದರೆ ಒಂದಕ್ಕೊಂದರ ಪ್ರಮಾಣದಲ್ಲಿ ಮುದ್ರಿಸಿ. ಜೊತೆಗೆ 100 ಮಿಲಿಮೀಟರಿನ ಒಂದು ಗೆರೆಯನ್ನೂ ಮುದ್ರಿಸಿ ಅಳೆದು ನೋಡಿ, ಏಕೆಂದರೆ ಪುಟಕ್ಕೆ ಹೊಂದಿಸುವ ನೆಪದಲ್ಲಿ ಪ್ರಿಂಟರ್ ಚಿತ್ರವನ್ನು ಕುಗ್ಗಿಸಿರಬಹುದು. ಕಾಗದವನ್ನು ಥರ್ಮೋಕೋಲಿನ ಮೇಲಿಟ್ಟು ಕನೆಕ್ಟರ್, ರಿಲೇ, ಟ್ರಾನ್ಸ್‌ಫಾರ್ಮರ್‌ಗಳನ್ನು ಚುಚ್ಚಿ ನಿಲ್ಲಿಸಿ. ಚಿಪ್‌ಗಳನ್ನು ಪ್ಯಾಡಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಬಿಡಿಭಾಗ ಕೈಗೆ ಬಂದಿರದಿದ್ದರೆ ಬೋರ್ಡಿಗೆ ಆರ್ಡರ್ ಕೊಡದೆ ಕಾಯುವುದು ಲೇಸು. ಡೇಟಾಶೀಟಿನ ಚಿತ್ರ ಮೇಲಿನಿಂದ ನೋಡಿದ್ದೋ ಕೆಳಗಿನಿಂದ ನೋಡಿದ್ದೋ ಎಂಬುದನ್ನು ಆ ಚಿತ್ರದಡಿಯ ಬರಹದಲ್ಲೇ ಓದಿ ಖಚಿತಪಡಿಸಿಕೊಳ್ಳಿ. ಕನೆಕ್ಟರ್‌ಗಳ ವಿಷಯದಲ್ಲಿ ಇದನ್ನು ಬಿಟ್ಟವರ ಬೋರ್ಡಿನಲ್ಲಿ ಕಾಲುಗಳು ಕನ್ನಡಿಯ ಬಿಂಬದಂತೆ ತಿರುಗಿರುತ್ತವೆ.

ಅಂತರ್ಜಾಲದಿಂದ ಇಳಿಸಿಕೊಂಡ ಫುಟ್‌ಪ್ರಿಂಟ್‌ಗಳನ್ನು ಇಷ್ಟೂ ಪರೀಕ್ಷೆ ಮುಗಿಯುವವರೆಗೆ ಬೇರೆ ಲೈಬ್ರರಿಯಲ್ಲೇ ಇರಿಸಿ. ಅವುಗಳಲ್ಲಿ ಚೆನ್ನಾಗಿ ಮಾಡಿದವು ಹಲವಿವೆ, ಅಳತೆಯನ್ನು ಅಂದಾಜಿನಲ್ಲಿ ಹಾಕಿದವೂ ಇವೆ. ಹೊರನೋಟಕ್ಕೆ ಎರಡೂ ಒಂದೇ.

ಪ್ರಶ್ನೆ: 7805, 7905, ಎಲ್‌ಎಂ317 ಎಂಬ ಮೂರೂ ವೋಲ್ಟೇಜ್ ರೆಗ್ಯುಲೇಟರ್‌ಗಳು ಟಿಒ-220 ಎಂಬ ಮೂರು ಕಾಲಿನ ರೂಪದಲ್ಲಿ ಬರುತ್ತವೆ, ಕಾಲುಗಳ ಕ್ರಮ ಮಾತ್ರ ಬೇರೆ. ಪ್ರತಿಯೊಂದಕ್ಕೂ ಬೇರೆ ಫುಟ್‌ಪ್ರಿಂಟ್ ಮಾಡಬೇಕೇ?

ಉತ್ತರ: ಬೇಡ. ಫುಟ್‌ಪ್ರಿಂಟಿನಲ್ಲಿರುವುದು ಆಕಾರ ಮತ್ತು 1, 2, 3 ಎಂಬ ಪ್ಯಾಡ್ ಸಂಖ್ಯೆಗಳು. ಯಾವ ಸಂಖ್ಯೆಯ ಕೆಲಸವೇನು ಎಂಬುದು ಸ್ಕೀಮ್ಯಾಟಿಕ್‌ನಲ್ಲಿ ಬಿಡಿಭಾಗವನ್ನು ಸೂಚಿಸುವ ಸಿಂಬಲ್ಲಿನ ಹೊಣೆ. 7805ರ ಸಿಂಬಲ್ಲಿನಲ್ಲಿ 1 ಇನ್‌ಪುಟ್, 2 ಗ್ರೌಂಡ್, 3 ಔಟ್‌ಪುಟ್. 7905ರಲ್ಲಿ 1 ಗ್ರೌಂಡ್, 2 ಇನ್‌ಪುಟ್, 3 ಔಟ್‌ಪುಟ್. ಎಲ್‌ಎಂ317ರಲ್ಲಿ 1 ಅಡ್ಜಸ್ಟ್, 2 ಔಟ್‌ಪುಟ್, 3 ಇನ್‌ಪುಟ್. ಮೂರೂ ಸಿಂಬಲ್‌ಗಳು ಒಂದೇ ಫುಟ್‌ಪ್ರಿಂಟನ್ನು ಹಂಚಿಕೊಳ್ಳಲಿ. ಬೇರೆಬೇರೆ ಫುಟ್‌ಪ್ರಿಂಟ್ ಮಾಡಿಟ್ಟರೆ ಮುಂದೆ ಪ್ಯಾಡಿನ ಅಳತೆಯನ್ನು ತಿದ್ದಬೇಕಾದಾಗ ಒಂದು ಕಡೆ ತಿದ್ದಿ ಇನ್ನೆರಡು ಕಡೆ ಮರೆಯುವ ಸಾಧ್ಯತೆಯೇ ಹೆಚ್ಚು. ಟಿಒ-220ರ ಲೋಹದ ಬೆನ್ನು ನಡುವಿನ ಕಾಲಿಗೆ ಸೇರಿರುತ್ತದೆ ಎಂಬುದು ಮಾತ್ರ ನೆನಪಿರಲಿ: 7805ರಲ್ಲಿ ಅದು ಗ್ರೌಂಡ್, 7905ರಲ್ಲಿ ಇನ್‌ಪುಟ್, ಎಲ್‌ಎಂ317ರಲ್ಲಿ ಔಟ್‌ಪುಟ್. ಮೂರನ್ನೂ ಒಂದೇ ಹೀಟ್‌ಸಿಂಕಿಗೆ ಬಿಗಿಯುವುದಾದರೆ ನಡುವೆ ಅಭ್ರಕದ ಹಾಳೆಯನ್ನೂ ಸ್ಕ್ರೂಗೆ ಅವಾಹಕ ಬುಷ್ಷನ್ನೂ ಹಾಕಲೇಬೇಕು.